ಹೊಂಬಳ ಸ್ಟುಡಿಯೋದ ಒಪ್ಪಿಗೆ ಪೆಟ್ಟಿಗೆ

"ಹಲ್ಲು ಬಿಡೂದು ಬ್ಯಾಡ್ರಿ ವೈನಿ, ಸುಮ್ಮ ನಿಂತ್ರ ಸಾಕು! ಈ ಯಂತ್ರಕ್ಕ ಹಲ್ಲು ಬೇಕಿಲ್ಲ, ಮನಸ್ಸು ಬೇಕು!"

ಹೀಗೆ ಕೂಗಿದವನು ಗುರುಪಾದ ಕಬ್ಬೂರ. ಕೂಗಿದ ಜಾಗ, ಗದಗಿನ ಹೊಂಬಳ ಫೋಟೋ ಸ್ಟುಡಿಯೋ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ ನಿವೃತ್ತನಾದ ಈ ಮಹಾಶಯ ಸ್ಟುಡಿಯೋದ ಪಕ್ಕದ ಮನೆಯಲ್ಲೇ ಇರುವುದು ಆ ಓಣಿಯ ಹಣೆಬರಹ. ಹೋದ ವರ್ಷ ಅವನು ಕಟ್ಟಿದ ರೊಟ್ಟಿ ಬಡಿಯುವ ಯಂತ್ರಕ್ಕೆ ನಿಲ್ಲುವುದೇ ಗೊತ್ತಿರಲಿಲ್ಲ. ಒಂದೇ ಮುಂಜಾನೆ ಮುನ್ನೂರು ರೊಟ್ಟಿ ಬಡಿಯಿತು. ಹಿಟ್ಟು ತೀರಿದ ಮೇಲೆ ಅಡುಗೆಮನೆಯ ಗೋಡೆ ಬಡಿಯಿತು. ಗೋಡೆಯ ಆ ತೂತಿನ ಮುಂದೆ ಈಗ ಕ್ಯಾಲೆಂಡರು ತೂಗುತ್ತಿದೆ.

ಈ ಸಲ ಅವನು ಸ್ಟುಡಿಯೋದ ಯಜಮಾನ ಚನ್ನವೀರಪ್ಪ ಹೊಂಬಳನ ಕ್ಯಾಮರಾದ ನೆತ್ತಿಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿದ್ದ. ಅದರ ಸುತ್ತ ತಾಮ್ರದ ತಂತಿಯ ಬಳೆ, ಪಕ್ಕದಲ್ಲಿ ತಿರುವುವ ಕೆಂಪು ಗುಂಡಿ.

ಚನ್ನವೀರಪ್ಪನ ಹೆಂಡತಿ ಶಶಿಕಲಾ ಚಹಾ ಕೊಡಲು ಬಂದವಳು ಕಪ್ಪು ಹಿಡಿದುಕೊಂಡೇ ಸಿಕ್ಕಿಬಿದ್ದಿದ್ದಳು. "ಇನ್ನೂ ತಲಿ ಸೈತ ಬಾಚಿಲ್ಲ ನಾನು! ನನ್ನ ಫೋಟೋ ತಗದ್ರ ನೋಡ್ರಿ ಮತ್ತ, ಈ ಚಹಾ ನಿಮ್ಮ ಯಂತ್ರದ ಮ್ಯಾಲೆ ಸುರೀತೇನಿ!"

"ಅದನ್ನ ಹೇಳಾಕತ್ತೇನಲ್ರೀ! ನಿಮಗ ಬ್ಯಾಡ ಅಂದ್ರ ನೀವು ಫೋಟೋದಾಗ ಬರೂದ ಇಲ್ಲ! ನಾ ಕಾಣಬೇಕು ಅನ್ನೂ ಆಸೆ ಯಾರಿಗೈತಿ, ಅವರಷ್ಟ ಬರ್ತಾರ. ಚನ್ನವೀರಣ್ಣ, ಒತ್ತು!"

ಗುರುಪಾದ ಓಡಿಹೋಗಿ ಶಶಿಕಲಾಳ ಪಕ್ಕ ಎದೆಯುಬ್ಬಿಸಿ ನಿಂತ. ಚನ್ನವೀರಪ್ಪ ಒತ್ತಿದ. ಪೆಟ್ಟಿಗೆ ಒಮ್ಮೆ ಗೊರಗುಟ್ಟಿತು. ಮೂವರೂ ಕ್ಯಾಮರಾದ ಹಿಂದಿನ ಪರದೆಗೆ ಮುಗಿಬಿದ್ದರು.

ಫೋಟೋದಲ್ಲಿ ಶಶಿಕಲಾ ಇರಲಿಲ್ಲ. ಅವಳ ಹಿಂದಿದ್ದ ಗೋಡೆ ಸ್ವಚ್ಛವಾಗಿ ಕಾಣುತ್ತಿತ್ತು. ಗಾಳಿಯಲ್ಲಿ ಒಂದು ಚಹಾದ ಕಪ್ಪು ಹಬೆಯಾಡುತ್ತ ತಾನೇ ನಿಂತಿತ್ತು. ಉಳಿದ ಜಾಗವನ್ನೆಲ್ಲ ಗುರುಪಾದನೇ ತುಂಬಿದ್ದ. ನಿಜಕ್ಕೂ ಐದಡಿ ಎರಡಂಗುಲದ ಮನುಷ್ಯ, ಫೋಟೋದಲ್ಲಿ ಛಾವಣಿಗೆ ತಲೆ ತಾಗಿಸಿಕೊಂಡು ಕುತ್ತಿಗೆ ಬಗ್ಗಿಸಿದ್ದ!

"ಆಸೆ ಎಷ್ಟೋ ಗಾತ್ರ ಅಷ್ಟು" ಎಂದು ಗುರುಪಾದ ಸ್ವಲ್ಪ ನಾಚಿದ.

"ಇದೊಂದು ಛಲೋ ಮಾಡೀರಿ ನೋಡ್ರಿ" ಎಂದು ಶಶಿಕಲಾ ಚಹಾವನ್ನು ಯಂತ್ರದ ಮೇಲೆ ಸುರಿಯದೆ ಗಂಡನ ಕೈಗೆ ಕೊಟ್ಟಳು.

ಚನ್ನವೀರಪ್ಪನಿಗೆ ಇಂಥದ್ದೊಂದು ಪೆಟ್ಟಿಗೆ ಬೇಕಾಗಿತ್ತು. ಸಭೆ, ಉದ್ಘಾಟನೆ, ಸನ್ಮಾನ, ಮೆರವಣಿಗೆ ಎಂದು ನಲವತ್ತು ವರ್ಷ ಊರಿನ ಎಲ್ಲ ಕಾರ್ಯಕ್ರಮಗಳ ಫೋಟೋ ತೆಗೆದವನು ಅವನು. "ಸಾರ್ವಜನಿಕ ಜಾಗದಾಗ ನಿಂತವರ ಫೋಟೋ ತಗಿಯೂದು ಛಾಯಾಗ್ರಾಹಕನ ಹಕ್ಕು" ಎಂಬ ಮಾತನ್ನು ಛಾಯಾಗ್ರಾಹಕರ ಸಂಘದ ಪ್ರತಿ ಸಭೆಯಲ್ಲೂ ಮೇಜು ಕುಟ್ಟಿ ಹೇಳುತ್ತಿದ್ದ. ಆದರೆ ಕಾಲ ಬದಲಾಗಿತ್ತು. ಈಗ ಕ್ಯಾಮರಾ ಎತ್ತಿದರೆ ಸಾಕು, ಜನ "ಯಾರನ್ನ ಕೇಳಿ ತಗದಿ?" ಎಂದು ಜಗಳಕ್ಕೆ ಬರುತ್ತಿದ್ದರು. ಹೋದ ತಿಂಗಳು ಒಂದು ಉಪನ್ಯಾಸದ ಫೋಟೋದ ಮೂಲೆಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ವಕೀಲರೊಬ್ಬರು ನೋಟಿಸನ್ನೇ ಕಳಿಸಿದ್ದರು. ಐನೂರು ಜನ ಸೇರಿದ ಸಭೆಯಲ್ಲಿ ಒಬ್ಬೊಬ್ಬರ ಒಪ್ಪಿಗೆ ಕೇಳುತ್ತ ಹೋದರೆ ಸಭೆ ಮುಗಿದು ಕುರ್ಚಿಗಳೂ ಮನೆಗೆ ಹೋಗಿರುತ್ತವೆ. ಅದನ್ನು ಕೇಳಿಯೇ ಗುರುಪಾದ ಪೆಟ್ಟಿಗೆ ಕಟ್ಟಿದ್ದು.

ಆದರೆ ಗಾಳಿಯಲ್ಲಿ ನಿಂತ ಆ ಚಹಾದ ಕಪ್ಪನ್ನು ನೋಡುವಾಗ ಚನ್ನವೀರಪ್ಪನಿಗೆ ವಕೀಲರ ನೆನಪಾಗಲಿಲ್ಲ. ಅಕ್ಕನ ನೆನಪಾಯಿತು.

ಅಕ್ಕ ಎಂದರೆ ನೀಲಗಂಗಾ. ಅವನಿಗಿಂತ ಐದು ವರ್ಷ ದೊಡ್ಡವಳು, ವೀರಮ್ಮ ಕನ್ಯಾಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ನೀಲಗಂಗಾ ಅಕ್ಕೋರು. ಇವರ ಅಪ್ಪ ಗರಡಿಮನೆಯ ಉಸ್ತಾದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಸ್ತಿ ಕಣಕ್ಕೆ ಕರೆದೊಯ್ದು, ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹೊಡೆಯುವುದನ್ನೂ ಕಲಿಸಿದ್ದ. ಅಪ್ಪ ಹೋದ ಮರುವರ್ಷ, ಅವನ ಕೊನೆಯ ಶಿಷ್ಯನ ಕುಸ್ತಿ ಇತ್ತು. ನೀಲಕ್ಕ "ಮೈಯಾಗ ಆರಾಮಿಲ್ಲ" ಎಂದು ಶಾಲೆಗೆ ಚೀಟಿ ಕಳಿಸಿ, ಸೆರಗು ಹೊದ್ದು ಗಂಡಸರ ಗುಂಪಿನ ಹಿಂದೆ ಬೆಂಚು ಹತ್ತಿ ನಿಂತಳು. ಶಿಷ್ಯ ಎದುರಾಳಿಯನ್ನು ಚಿತ್ ಮಾಡಿದ ಗಳಿಗೆ ಸೆರಗು ಜಾರಿತು, ಎರಡು ಬೆರಳು ಬಾಯಿಗೆ ಹೋದವು. ಪತ್ರಿಕೆಗಾಗಿ ಬಂದಿದ್ದ ತಮ್ಮ ಎದುರಿನಿಂದ ಒತ್ತಿದ.

ಅದು ಅವನ ಜನ್ಮದಲ್ಲೇ ಒಳ್ಳೆಯ ಫೋಟೋ. ಮರುದಿನ ಮೊದಲ ಪುಟದಲ್ಲಿ ಬಂತು. ಅದಕ್ಕೊಂದು ಬಹುಮಾನವೂ ಬಂತು. ಅಕ್ಕನಿಗೆ ಆಡಳಿತ ಮಂಡಳಿಯಿಂದ ಕಾರಣ ಕೇಳಿ ಪತ್ರ ಬಂತು. ಮೂರು ಬಸ್ಸು ಬದಲಿಸಿ ಹೋಗಬೇಕಾದ ಹಳ್ಳಿಯೊಂದಕ್ಕೆ ಮೂರು ವರ್ಷ ವರ್ಗವೂ ಆಯಿತು.

ಹೋಗುವ ಮುಂಚೆ ಅವಳು ಸ್ಟುಡಿಯೋಕ್ಕೆ ಬಂದು ಒಂದೇ ಮಾತು ಕೇಳಿದ್ದಳು. "ಪತ್ರಿಕೆಗೆ ಕೊಡೂ ಮುಂದ ನನ್ನ ಒಂದ್ ಮಾತು ಕೇಳಬೇಕು ಅನಸಲಿಲ್ಲೇನೋ?"

ತಪ್ಪಾಯಿತು ಎನ್ನುವ ಬದಲು ಚನ್ನವೀರಪ್ಪ ಸಂಘದ ಸಭೆಯ ಮಾತು ತೆಗೆದ. ಸಾರ್ವಜನಿಕ ಜಾಗ, ಛಾಯಾಗ್ರಾಹಕನ ಹಕ್ಕು. ಮೇಜನ್ನೂ ಕುಟ್ಟಿದ.

"ಆತು. ಹಕ್ಕು ಇಟ್ಕೋ. ಅಕ್ಕನ್ನ ಬಿಡು" ಎಂದು ಅವಳು ಹೊರಟುಹೋದಳು.

ಅದಾಗಿ ಇಪ್ಪತ್ತೆರಡು ವರ್ಷ. ಊರಲ್ಲೇ ಇದ್ದಾಳೆ, ಎರಡು ಓಣಿ ಆಚೆ. ಎಲ್ಲ ಕಾರ್ಯಕ್ರಮಗಳಿಗೂ ಬರುತ್ತಾಳೆ. ಇವನ ಕ್ಯಾಮರಾ ಅತ್ತ ತಿರುಗಿದ ಕೂಡಲೇ ಬೆನ್ನು ಹಾಕುತ್ತಾಳೆ, ಇಲ್ಲವೇ ಮುಖಕ್ಕೆ ಏನನ್ನಾದರೂ ಅಡ್ಡ ಹಿಡಿಯುತ್ತಾಳೆ. ಕೊಡೆ, ಆಮಂತ್ರಣ ಪತ್ರಿಕೆ, ಬೀಸಣಿಗೆ, ಒಮ್ಮೆ ಪಕ್ಕದವರ ಕೂಸು. ಅಂಥ ನೂರ ಹದಿನೇಳು ಫೋಟೋಗಳು ಸ್ಟುಡಿಯೋದ ಒಂದು ಕಡತದಲ್ಲಿವೆ. ಬಿಡುವಿದ್ದಾಗ ಚನ್ನವೀರಪ್ಪ ಅವನ್ನು ತೆಗೆದು ಕೂರುತ್ತಾನೆ. ಅಕ್ಕನಿಗೆ ಕನ್ನಡಕ ಬಂದದ್ದು ಅವನಿಗೆ ಗೊತ್ತಾದದ್ದು ಕಿವಿಯ ಹಿಂದಿನ ಕಡ್ಡಿಯಿಂದ. ಜಡೆ ತೆಳ್ಳಗಾಗಿ ತುರುಬಾಯಿತು, ತುರುಬು ಬೆಳ್ಳಗಾಯಿತು. ಎಡ ಮೊಣಕಾಲು ನೋಯುತ್ತದೆ, ಅದಕ್ಕೇ ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ. ಮುಖ ಹೇಗಾಗಿದೆಯೋ ಗೊತ್ತಿಲ್ಲ. ಒಂದು ಸಲ ಅವಳು ತನ್ನ ಕಡೆ ತಿರುಗಿದರೆ ಸಾಕು ಎಂದು ಅವನು ಹಂಬಲಿಸುತ್ತಿದ್ದ. ಹಾಗೆಂದು ಯಾರಿಗೂ ಹೇಳುತ್ತಿರಲಿಲ್ಲ.

"ಗುರುಪಾದ" ಎಂದ ಚನ್ನವೀರಪ್ಪ, ತಣ್ಣಗಾದ ಚಹಾ ಹಿಡಿದುಕೊಂಡು. "ಬ್ಯಾಡ ಬ್ಯಾಡ ಅಂತಿರ್ತಾರ, ಆದ್ರ ಮನಸ್ಸಿನ ಮೂಲ್ಯಾಗ ಚೂರು ಆಸೆ ಇರತೈತಿ, ಅಂಥವರು?"

"ಸಾಸಿವಿಕಾಳಷ್ಟು ಆಸೆ ಇದ್ರ ಸಾಸಿವಿಕಾಳಷ್ಟು ಬರ್ತಾರ. ಭೂತಗನ್ನಡಿ ಹಿಡದು ನೋಡಬೇಕು, ಅಷ್ಟ!"

ಶಶಿಕಲಾಗೆ ಯಾರ ಮಾತೆಂದು ತಿಳಿಯಿತು. ಇಪ್ಪತ್ತೆರಡು ವರ್ಷ ಆ ಮನೆಗೂ ಈ ಮನೆಗೂ ಹಬ್ಬದ ಹೋಳಿಗೆ ಸಾಗಿಸಿದವಳು ಅವಳೇ. ತಣ್ಣಗಾದ ಕಪ್ಪನ್ನು ಅವನ ಕೈಯಿಂದ ತೆಗೆದುಕೊಂಡಳು.

ಪೆಟ್ಟಿಗೆಯ ಮೊದಲ ಸಾರ್ವಜನಿಕ ಪರೀಕ್ಷೆ ನಡೆದದ್ದು ಬಸ್ ನಿಲ್ದಾಣದ ಹತ್ತಿರ ಕಟ್ಟಿಸಿದ ಹೊಸ ಶೌಚಾಲಯದ ಉದ್ಘಾಟನೆಯಲ್ಲಿ. ಮುಖ್ಯ ಅತಿಥಿಗಳು ಕತ್ತರಿ ಹಿಡಿದು ರಿಬ್ಬನ್ನಿನ ಮುಂದೆ ನಿಂತರು. ಎಡಕ್ಕೆ ವಾರ್ಡಿನ ಸದಸ್ಯ, ಬಲಕ್ಕೆ ಏಳೆಂಟು ಗಣ್ಯರು. ಎಲ್ಲರೂ ನಗುತ್ತಿದ್ದರು. ಚನ್ನವೀರಪ್ಪ ಒತ್ತಿದ.

ಫೋಟೋದಲ್ಲಿ ಗಣ್ಯರು ಒಬ್ಬರೂ ಇಲ್ಲ! ಶೌಚಾಲಯದ ಮುಂದೆ ನಿಂತು ಪತ್ರಿಕೆಯಲ್ಲಿ ಬರುವ ಆಸೆ ಅವರಲ್ಲಿ ಯಾರಿಗೂ ಇರಲಿಲ್ಲವೆಂದು ಪೆಟ್ಟಿಗೆ ಪತ್ತೆಹಚ್ಚಿತ್ತು. ವಾರ್ಡಿನ ಸದಸ್ಯ ಮಾತ್ರ ಕಟ್ಟಡಕ್ಕಿಂತ ಎತ್ತರವಾಗಿ, ನೀರಿನ ಟಾಕಿಯ ಮೇಲೆ ಮೊಣಕೈ ಊರಿಕೊಂಡು ನಿಂತಿದ್ದ. ಅಷ್ಟಾದರೂ ಸಹಿಸಬಹುದಿತ್ತು. ಮುಖ್ಯ ಅತಿಥಿಗಳ ಜಾಗದಲ್ಲಿ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿದ್ದವನು ಮಿರ್ಚಿ ಬಜಿ ಗಾಡಿಯ ಹುಸೇನಸಾಬ!

"ಅಂವ ನನ್ನ ಹಿಂದ ಇದ್ದನಲ್ಲೋ!" ಎಂದು ಚನ್ನವೀರಪ್ಪ ತಿರುಗಿ ನೋಡಿದ. ರಸ್ತೆಯ ಆಚೆ ಹುಸೇನಸಾಬ ತೂತಿನ ಜಾರಿ ಸೌಟು ಕೈಯಲ್ಲಿ ಹಿಡಿದು, ಬಜಿ ಕರಕಲಾಗುವುದನ್ನೂ ಮರೆತು ಇತ್ತಲೇ ನೋಡುತ್ತಿದ್ದ.

"ತಂತಿ ಬಳಿ ಗುಂಡಗೈತಲ್ಲಾ ಚನ್ನವೀರಣ್ಣ, ಅದಕ್ಕ ಹಿಂದಿಲ್ಲ ಮುಂದಿಲ್ಲ" ಎಂದು ಗುರುಪಾದ ಹೆಮ್ಮೆಪಟ್ಟ. "ಸುತ್ತಮುತ್ತ ಎಲ್ಲಿ ಆಸೆ ಇದ್ರೂ ಹಿಡಕೊಂಡು ಬರತೈತಿ! ಖಾಲಿ ಬಿದ್ದ ಜಾಗದಾಗ ನಿಂದರಸ್ತೈತಿ!"

ಮುಖ್ಯ ಅತಿಥಿಗಳು ಫೋಟೋ ನೋಡಿ ಕೆಂಪಾದರು. "ಏನ್ರೀ ಇದು? ನಾನು ಎಲ್ಲಿ?"

"ನಿಮಗ ಮನಸ್ಸಿರಲಿಲ್ಲಂತ್ರಿ" ಎಂದು ಗುರುಪಾದ ವಿನಯದಿಂದಲೇ ಹೇಳಿದ. ಅಲ್ಲಿಂದ ಇಬ್ಬರೂ ಸ್ವಲ್ಪ ಜೋರಾಗಿಯೇ ನಡೆದು ಬರಬೇಕಾಯಿತು. ಹುಸೇನಸಾಬ ಮಾತ್ರ ಮರುದಿನ ಸ್ಟುಡಿಯೋಕ್ಕೆ ಬಂದು ಆ ಫೋಟೋದ ದೊಡ್ಡ ಪ್ರತಿ ಹಾಕಿಸಿಕೊಂಡು, ಗಾಡಿಗೆ ಕಟ್ಟಿಕೊಂಡ.

ಅದೇ ವಾರ ವೀರಮ್ಮ ಕನ್ಯಾಶಾಲೆಗೆ ಎಪ್ಪತ್ತೈದು ವರ್ಷ ತುಂಬಿದ ಸಮಾರಂಭ. ಹಳೆಯ ವಿದ್ಯಾರ್ಥಿನಿಯರು ಸೇರಿ ನಿವೃತ್ತ ಶಿಕ್ಷಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಫೋಟೋ ತೆಗೆಯಲು ಚನ್ನವೀರಪ್ಪನನ್ನೇ ಕರೆದಿದ್ದರು. ಸನ್ಮಾನಿತರ ಪಟ್ಟಿಯಲ್ಲಿ ನೀಲಗಂಗಾ ಅಕ್ಕೋರ ಹೆಸರಿತ್ತು.

ಶಶಿಕಲಾ ಎರಡು ಓಣಿ ಆಚೆ ಹೋಗಿ ಸುದ್ದಿ ತಂದಳು. "ಬರ್ಲಿ ಅಂದ್ಲು ನೀಲಕ್ಕ. ಊರಿನ ಕಾರ್ಯಕ್ರಮ, ನಾ ಯಾರು ಬ್ಯಾಡ ಅನ್ನಾಕ ಅಂದ್ಲು. ನನ್ನ ಕಡೆ ಕ್ಯಾಮರಾ ತಿರುವಿದ್ರ ಸನ್ಮಾನದ ಹಣ್ಣಿನ ಬುಟ್ಟಿನ ಅಡ್ಡ ಹಿಡೀತೇನಿ, ಹೇಳಿಬಿಡು ಅಂದ್ಲು."

"ಮತ್ತೇನಂದ್ಲು?"

"ಮತ್ತೇನಂತಾಳ? ಹೋಳಿಗಿಗೆ ಬೆಲ್ಲ ಕಡಿಮಿ ಆಗಿತ್ತಂತ."

"ನನ್ನ ಬಗ್ಗೆ ಕೇಳಲಿಲ್ಲೇನು?"

ಶಶಿಕಲಾ ಗಂಡನ ಮುಖ ನೋಡಿ ಸೆರಗಿನಿಂದ ಸುಮ್ಮನೆ ಕ್ಯಾಮರಾದ ಧೂಳು ಒರೆಸಿದಳು. ಕೇಳಿದ್ದರೆ ಹೇಳುತ್ತಿದ್ದಳು. ಚನ್ನವೀರಪ್ಪ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಹಿಂದೆ ದೊಡ್ಡ ಪರದೆ. ತೆಗೆದ ಫೋಟೋ ಆ ಕ್ಷಣವೇ ಎಲ್ಲರಿಗೂ ಕಾಣಲಿ ಎಂದು ಶಾಲೆಯ ಕಾರ್ಯದರ್ಶಿ ಚನ್ನವೀರಪ್ಪನ ಕ್ಯಾಮರಾಕ್ಕೆ ತಂತಿ ಎಳೆಸಿ ಪರದೆಗೆ ಜೋಡಿಸಿದ್ದರು. ವೇದಿಕೆಯ ಮೇಲೆ ಸನ್ಮಾನಿತರ ಸಾಲಿನ ಕೊನೆಯ ಕುರ್ಚಿಯಲ್ಲಿ ನೀಲಕ್ಕ, ಆಗಲೇ ಆಮಂತ್ರಣ ಪತ್ರಿಕೆಯನ್ನು ಮೂಗಿಗೆ ಏರಿಸಿಕೊಂಡು ಕೂತಿದ್ದಳು.

ಮೊದಲ ಫೋಟೋ, ಅಧ್ಯಕ್ಷರ ಭಾಷಣದ್ದು. ಭಾಷಣ ಮಾಡುತ್ತ ಮುಕ್ಕಾಲು ಗಂಟೆಯಾಗಿತ್ತು. ಪಾಪ, ಯಾರೋ ಬರೆದುಕೊಟ್ಟದ್ದನ್ನು ಓದುತ್ತಿದ್ದ ಅವರಿಗೇ ಅಲ್ಲಿ ಇರಲು ಮನಸ್ಸಿರಲಿಲ್ಲ. ಪರದೆಯ ಮೇಲೆ ಅವರು ಮಾಯ! ಮೈಕಿನ ಮುಂದೆ, ಹಿತ್ತಲಲ್ಲಿ ಹುಗ್ಗಿ ಕುದಿಸುತ್ತಿದ್ದ ಅಡುಗೆಯ ಸಂಗಮ್ಮ ಸೌಟು ಎತ್ತಿ ಹಿಡಿದು ನಿಂತಿದ್ದಳು. ಸಭೆ ಎದ್ದು ಚಪ್ಪಾಳೆ ತಟ್ಟಿತು. ತಮ್ಮ ಭಾಷಣಕ್ಕೇ ಎಂದುಕೊಂಡು ಅಧ್ಯಕ್ಷರು ಇನ್ನೆರಡು ಪುಟ ಜಾಸ್ತಿ ಓದಿದರು.

ಎರಡನೆಯದು, ಸನ್ಮಾನಿತರ ಸಾಲು. ಅಲ್ಲಿ ಆಸೆಗೆ ಕೊರತೆ ಇರಲಿಲ್ಲ. ಮೂವರು ನಿವೃತ್ತ ಹೆಡ್‌ಮಾಸ್ತರರು ಪರದೆಯ ಮೇಲೆ ಒಬ್ಬರನ್ನೊಬ್ಬರು ನೂಕುವಷ್ಟು ಉಬ್ಬಿದ್ದರು. ಒಬ್ಬರ ಮೂಗು ಇನ್ನೊಬ್ಬರ ಕಿವಿಯೊಳಗೆ ಹೋಗಿತ್ತು. ಕೊನೆಯ ಕುರ್ಚಿ ಖಾಲಿ. ಚನ್ನವೀರಪ್ಪ ಭೂತಗನ್ನಡಿ ತೆಗೆದು ಕ್ಯಾಮರಾದ ಪರದೆಯಲ್ಲಿ ಆ ಕುರ್ಚಿಯನ್ನು ಅಂಗುಲ ಅಂಗುಲವಾಗಿ ಹುಡುಕಿದ. ಕುರ್ಚಿಯ ಬೆತ್ತದ ಹೆಣಿಗೆ ಕಂಡಿತು. ಸಾಸಿವೆಕಾಳಷ್ಟೂ ಅಕ್ಕ ಕಾಣಲಿಲ್ಲ.

"ಬಂದ್ ಮಾಡ್ರೀ ಅದನ್ನ!" ಎಂದು ಕಾರ್ಯದರ್ಶಿ ಓಡಿ ಬಂದರು. "ಹೆಡ್‌ಮಾಸ್ತರು ಅಲ್ಲೇ ಜಗಳಾಡಾಕತ್ತಾರ, ಯಾರ ಮೂಗು ಅಂತ!"

"ಬಂದ್ ಯಾಕ, ಚೂರು ಕಡಿಮಿ ಮಾಡಿದ್ರ ಆತು" ಎಂದು ಗುರುಪಾದ ಕೆಂಪು ಗುಂಡಿಯನ್ನು ಪೂರ್ತಿ ತಿರುವಿದ. ಆ ಗುಂಡಿಯನ್ನು ತಾನು ಉಲ್ಟಾ ಕೂರಿಸಿದ್ದೇನೆ ಎಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಗುಂಡಿ ಕಿತ್ತು ಕೈಗೆ ಬಂದಿತ್ತು. ಪೆಟ್ಟಿಗೆಯ ಗೊರಗುಟ್ಟುವಿಕೆ ಹಿಂದಿನ ಸಾಲಿನವರೆಗೂ ಕೇಳಿಸತೊಡಗಿತು.

ಅದೇ ಹೊತ್ತಿಗೆ ನೀಲಗಂಗಾ ಅಕ್ಕೋರ ಹೆಸರು ಕೂಗಿದರು.

ಅವಳು ಬಲಗಾಲಿನ ಮೇಲೆ ಭಾರ ಹಾಕಿ ಎದ್ದಳು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹೇಳಿ ಕಳಿಸಿದ್ದಂತೆಯೇ ಬುಟ್ಟಿ ಮುಖದ ಮುಂದೆ ಬಂತು. ಸೇಬು, ಕಿತ್ತಳೆ, ನಡುವೆ ಒಂದು ಅನಾನಸು. ಚನ್ನವೀರಪ್ಪ ಕ್ಯಾಮರಾ ಕಣ್ಣಿಗೆ ಹಚ್ಚಿದ. ಗುಂಡಿ ಇರಲಿ ಬಿಡಲಿ, ನೂರ ಹದಿನೆಂಟನೆಯ ಸಲ ಒತ್ತಿದ.

ವೇದಿಕೆ ಖಾಲಿಯಾಯಿತು. ಪರದೆಯ ಮೇಲೆ ಅಧ್ಯಕ್ಷರಿಲ್ಲ, ಹೆಡ್‌ಮಾಸ್ತರರಿಲ್ಲ, ಅಕ್ಕ ಇಲ್ಲ, ಹುಗ್ಗಿಯ ಸಂಗಮ್ಮನೂ ಇಲ್ಲ. ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಮುಖ. ಅರವತ್ತೊಂದು ವರ್ಷದ ಗಂಡಸಿನ ಮುಖ, ಕಣ್ಣ ಕೆಳಗೆ ಚೀಲ, ಕ್ಯಾಮರಾ ಒತ್ತಿ ಒತ್ತಿ ಗೀರು ಬಿದ್ದ ಬಲ ಹುಬ್ಬು, ಅರ್ಧ ತೆರೆದ ಬಾಯಿ. ಅದು ಚನ್ನವೀರಪ್ಪನದು. ಅಷ್ಟು ಜನ ಸೇರಿದ ಸಭಾಂಗಣದಲ್ಲಿ, ತಾನು ಕಾಣಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸುತ್ತಿದ್ದವನು ಕ್ಯಾಮರಾದ ಹಿಂದೆಯೇ ನಿಂತಿದ್ದ.

ಅಕ್ಕನ ಮುಖ ನೋಡಬೇಕೆಂಬುದೇ ತನ್ನ ಆಸೆ ಎಂದು ಅವನು ಇಪ್ಪತ್ತೆರಡು ವರ್ಷ ತಿಳಿದಿದ್ದ. ಅಕ್ಕ ತನ್ನನ್ನು ನೋಡಬೇಕು ಎಂದು ತಾನು ಇಷ್ಟು ದಿನ ಕಾದದ್ದು ಅವನಿಗೆ ಆಗಲೇ ಗೊತ್ತಾಯಿತು. ಮೈಯೆಲ್ಲ ನಾಚಿಕೆಯಾಯಿತು.

ಸಭೆ ಒಮ್ಮೆಲೇ ಸ್ತಬ್ಧವಾಯಿತು. ಗದ್ದಲ ಯಾಕೆ ನಿಂತಿತೆಂದು ನೋಡಲು ನೀಲಕ್ಕ ಬುಟ್ಟಿ ಇಳಿಸಿ ಪರದೆಯತ್ತ ತಿರುಗಿದಳು. ಬಹಳ ಹೊತ್ತು ನೋಡಿದಳು. ಮೈಕು ಹತ್ತಿರವೇ ಇದ್ದುದರಿಂದ ಅವಳು ಅಂದದ್ದು ಎಲ್ಲರಿಗೂ ಕೇಳಿಸಿತು.

"ಯಾರಿಂವ ಮುದುಕ?"

ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು.

"ಚನ್ನ್ಯಾ?" ಎಂದು ಅವಳು ಸಭೆಯ ಕಡೆ ತಿರುಗಿದಳು.

ಚನ್ನವೀರಪ್ಪ ಮೂರು ಮೊಳ ದೂರದಲ್ಲಿದ್ದ. ಅಕ್ಕನ ಮುಖ ಎದುರಿಗಿತ್ತು, ಅಡ್ಡ ಏನೂ ಇರಲಿಲ್ಲ, ಬೆಳಕು ಸರಿಯಾಗಿ ಬಿದ್ದಿತ್ತು. ನಲವತ್ತು ವರ್ಷದ ರೂಢಿಯ ಬೆರಳು ಒತ್ತುಗುಂಡಿಯ ಮೇಲೆಯೇ ಇತ್ತು. ಅವನು ಕ್ಯಾಮರಾವನ್ನು ಕಣ್ಣಿಂದ ಇಳಿಸಿ, ಪೆಟ್ಟಿಗೆ ಸಮೇತ ನೆಲದ ಮೇಲಿಟ್ಟ.

"ಹೌದಕ್ಕ. ನಾನ."

"ಮೀಸಿ ಯಾವಾಗ ಬೋಳಿಸಿದಿ?"

"ಹನ್ನೆರಡು ವರ್ಷ ಆತಕ್ಕ."

"ನನಗ ಯಾರೂ ಹೇಳಲೇ ಇಲ್ಲಲ್ಲ!"

"ಎಲ್ಲಾ ಕಾರ್ಯಕ್ರಮಕ್ಕೂ ಬರತಿದ್ನಲ್ಲಕ್ಕ ನಾನು. ನಿನ್ನ ಮುಂದ ನಿಂತಿರತಿದ್ದೆ."

"ನೀ ಎಲ್ಲಿ ಬರತಿದ್ದಿ? ಕ್ಯಾಮರಾ ಬರತಿತ್ತು" ಎಂದಳು ನೀಲಕ್ಕ. "ಅದರ ಹಿಂದ ಯಾರರ ಅದಾರೋ ಇಲ್ಲೋ, ನನಗೇನ್ ಗೊತ್ತು?"

ಚನ್ನವೀರಪ್ಪ ಒಂದು ಹೆಜ್ಜೆ ಮುಂದೆ ಬಂದ. "ತಪ್ಪಾತಕ್ಕ. ಕೊಡೂ ಮುಂದ ನಿನ್ನ ಕೇಳಬೇಕಾಗಿತ್ತು."

"ಅಪ್ಪನ ಮುಂದ ಬಿಟ್ರ ನಾ ಯಾರ ಮುಂದೂ ಶಿಳ್ಳಿ ಹೊಡದಾಕಿ ಅಲ್ಲೋ" ಎಂದು ಅವಳು ಈಗ ಮೈಕಿನಿಂದ ಮುಖ ಸರಿಸಿ ಮೆಲ್ಲಗೆ ಹೇಳಿದಳು. "ಅವತ್ತು ಅಪ್ಪ ಅಲ್ಲೇ ಅದಾನ ಅನಿಸಿತ್ತು. ಅದನ್ನ ಊರಿಗೆಲ್ಲಾ ಹಂಚಿಬಿಟ್ಟಿ."

ಇದನ್ನು ಕೇಳಿದವನು ಚನ್ನವೀರಪ್ಪ ಒಬ್ಬನೇ. ಅವನಿಗೂ ಅವನೇ ಅಪ್ಪ. ಇಬ್ಬರೂ ಅಲ್ಲಿಯೇ ಕಣ್ಣು ಒರೆಸಿಕೊಂಡರು.

ಇನ್ನು ಯಂತ್ರದ ಗತಿ. ತಂತಿ ಕಿತ್ತರೂ ಪರದೆಯ ಮೇಲಿನ ಮುಖ ಹೋಗಲಿಲ್ಲ. ಸಭಾಂಗಣದ ವಿದ್ಯುತ್ತನ್ನೇ ಆರಿಸಿ ಮತ್ತೆ ಹಾಕಿದರು. ದೀಪ ಹೊತ್ತಿಕೊಂಡವು, ಫ್ಯಾನು ತಿರುಗಿದವು, ಜೊತೆಗೆ ಪರದೆಯ ಮೇಲೆ ಚನ್ನವೀರಪ್ಪನೂ ಮರಳಿ ಹೊತ್ತಿಕೊಂಡ! ಉಳಿದ ಸನ್ಮಾನ, ಪ್ರತಿಭಾ ಪುರಸ್ಕಾರ, ವಂದನಾರ್ಪಣೆ, ಎಲ್ಲವೂ ಬಾಯಿ ತೆರೆದ ಆ ಹತ್ತಡಿ ಮುಖದ ಕೆಳಗೇ ನಡೆದವು. ತಡವಾಗಿ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಸಂಸ್ಥಾಪಕರಿರಬೇಕೆಂದು ಪರದೆಗೆ ಹೂಮಾಲೆ ಹಾಕಿ, ಕೈ ಮುಗಿದು ಹೋದಳು.

ಊಟದ ಪಂಕ್ತಿಯಲ್ಲಿ ನೀಲಕ್ಕ ತನ್ನ ಪಕ್ಕದ ಎಲೆಯ ಮೇಲೆ ಕೈಯಿಟ್ಟು ಯಾರಿಗೂ ಕೂರಲು ಬಿಡಲಿಲ್ಲ. ಚನ್ನವೀರಪ್ಪ ಬಂದ ಮೇಲೆ ಕೈ ತೆಗೆದಳು. ಎದುರು ಸಾಲಿನಲ್ಲಿ ಶಶಿಕಲಾ. ಇನ್ನು ಮೇಲೆ ಹೋಳಿಗೆಯನ್ನು ನೀವು ನೀವೇ ಸಾಗಿಸಿಕೊಳ್ಳಿ ಎಂದು ಆಗಲೇ ಎರಡು ಸಲ ಹೇಳಿಯಾಗಿತ್ತು.

ಗುರುಪಾದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. "ಯಂತ್ರ ಸರಿ ಐತಿ ಅಕ್ಕೋರ! ಸಭಾಂಗಣನ ಸರಿ ಇಲ್ಲ!"

"ಆತಪ್ಪಾ, ಅದನ್ನ ಅತ್ಲಾಗ ಇಡು. ಹುಗ್ಗಿ ಬರಾಕತ್ತೈತಿ" ಎಂದಳು ನೀಲಕ್ಕ.

ಹುಗ್ಗಿ ಬಂತು. ಚನ್ನವೀರಪ್ಪ ತಿನ್ನಲಿಲ್ಲ. ಅಕ್ಕನ ಬಲಗೆನ್ನೆಯ ಮೇಲೆ ಹೊಸದೊಂದು ಮಚ್ಚೆ ಇತ್ತು. ಅದನ್ನು ಅವನು ನೋಡುತ್ತ ಕೂತ. ಆಮೇಲೆ ನಲವತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತನ್ನು ಮೊದಲ ಸಲ, ತಡವರಿಸುತ್ತ ಕೇಳಿದ.

"ಅಕ್ಕ, ಒಂದು ಫೋಟೋ ತಗೀಲೇನು?"

"ಬ್ಯಾಡ" ಎಂದಳು ನೀಲಕ್ಕ, ಅವನ ಎಲೆಗೆ ತುಪ್ಪ ಹಾಕಿಸುತ್ತ. "ಮೊದಲ ಉಣ್ಣು. ಆಮ್ಯಾಲೆ ಇನ್ನೊಮ್ಮೆ ಕೇಳು. ಆಗಲೂ ಬ್ಯಾಡ ಅಂತೇನಿ."